ಗೆರೆಯ ಎರಡು ಬದಿ

ಮಾರ್ಚ್ ೯

ಮಾನ್ಯರೇ,

ನಿಮ್ಮ ಎರಡು ಪತ್ರಗಳೂ ತಲುಪಿವೆ. ಮೊದಲನೆಯದು ಸಂತಾಪದ ಪತ್ರ. ಅದು ಉತ್ತರವನ್ನು ನಿರೀಕ್ಷಿಸುವ ಪತ್ರವಲ್ಲವಾದ್ದರಿಂದ ಬರೆಯಲಿಲ್ಲ. ಎರಡನೆಯದು ಬೇಡಿಕೆಯ ಪತ್ರ. ಅದಕ್ಕೆ ನನ್ನ ಉತ್ತರ: ನೋಟ್‌ಬುಕ್ಕನ್ನು ಕೊಡುವುದಿಲ್ಲ.

ಕಾರಣ ಹೇಳದೆ ನಿರಾಕರಿಸುವುದು ಅಸಭ್ಯತೆ. ಹೇಳುತ್ತೇನೆ. ನಿಮ್ಮ ಕಣ್ಣು ಮಂಜಾದ ಮೇಲೆ ಆರು ವರ್ಷ, ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ, ನನ್ನ ಮಗಳು ನಿಮ್ಮ ಮಹಡಿಯ ಕೋಣೆಗೆ ಬಂದು ನೀವು ಹೇಳಿದ್ದನ್ನು ಬರೆದುಕೊಂಡಳು. ಜನವರಿಯಲ್ಲಿ ಅವಳಿಗೆ ಜ್ವರ ಬಂತು. ಹೋಗಬೇಡವೆಂದೆ. "ಮೂರೇ ಅಧ್ಯಾಯ ಅಪ್ಪಾ, ಮುಗಿಸಿಬಿಡ್ತೀನಿ" ಎಂದಳು. ನಾಲ್ಕು ದಿನ ಜ್ವರದಲ್ಲೇ ನಿಮ್ಮ ಮೆಟ್ಟಿಲು ಹತ್ತಿದಳು. ಐದನೆಯ ದಿನ ಆಸ್ಪತ್ರೆಗೆ ಸೇರಿಸಿದೆ. ಎಂಟು ದಿನದ ಮೇಲೆ ಖಾಲಿ ಕೈಯಲ್ಲಿ ಮನೆಗೆ ಬಂದೆ. ನಿಮಗೆ ಕಣ್ಣು ಕಾಣದು, ಒಪ್ಪಿದೆ. ಕಿವಿ ಚೆನ್ನಾಗಿದೆಯೆಂದು ಅವಳೇ ಹೇಳುತ್ತಿದ್ದಳು. ಅವಳ ಕೆಮ್ಮು ನಿಮಗೆ ಕೇಳಿಸಲಿಲ್ಲವೇ?

ಇನ್ನು, ಆ ಮೂರು ಅಧ್ಯಾಯಗಳಿರುವ ನೋಟ್‌ಬುಕ್ಕು. ಅವಳ ಚೀಲದೊಂದಿಗೆ ಮನೆಗೆ ಬಂದಿದೆ. ಅದರೊಳಗಿನ ಸಂಜ್ಞೆಗಳು ಯಾರಿಗೂ ಓದಲು ಬಾರವೆಂದು ಬರೆದಿದ್ದೀರಿ. ನಿಜ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಒಂದು ಮಾತೂ ತಪ್ಪಿಹೋಗದಂತೆ ಹಿಡಿದಿಡಲು ಇಪ್ಪತ್ತನೆಯ ವಯಸ್ಸಿನಲ್ಲಿ ನಾನು ಕಟ್ಟಿಕೊಂಡ ಸಂಜ್ಞೆಗಳು ಅವು. ಅವಳ ತಾಯಿ ತೀರಿಕೊಂಡಾಗ ಅವಳಿಗೆ ಹತ್ತು ವರ್ಷ. ಮಗುವಿನೊಡನೆ ಆಡಲು ನನಗೆ ಬೇರೆ ಆಟ ಗೊತ್ತಿರಲಿಲ್ಲ. ಸಂಜೆ ಊಟದ ಮೇಜಿನ ಮೇಲೆ ಇವನ್ನೇ ಕಲಿಸಿದೆ. ಇಡೀ ಲೋಕದಲ್ಲಿ ಇವನ್ನು ಬಲ್ಲವರು ಇಬ್ಬರಿದ್ದೆವು. ಈಗ ಒಬ್ಬ.

ನೋಟ್‌ಬುಕ್ಕನ್ನು ನಾನು ತೆರೆದಿಲ್ಲ. ತೆರೆಯುವುದೂ ಇಲ್ಲ.

ಇತಿ,
ಅವಳ ತಂದೆ

—

ಮಾರ್ಚ್ ೨೪

ಮಾನ್ಯ ಮಹನೀಯರಿಗೆ ನಮಸ್ಕಾರಗಳು.

ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ನನ್ನ ಅಕ್ಕ ಬರೆಯುತ್ತಿದ್ದಾಳೆ. (ಎಪ್ಪತ್ತೈದು ವರ್ಷಕ್ಕೆ ನನಗೆ ನೌಕರಿ ಸಿಕ್ಕಿತು ನೋಡಿ.) ಅವಳು ನಡುನಡುವೆ ತನ್ನ ಮಾತು ಸೇರಿಸುತ್ತಾಳೆಂದು ನನಗೆ ಗುಮಾನಿ. ಕಾಣದವನು ಏನು ಮಾಡಲಿ, ಸಹಿಸಿಕೊಳ್ಳಿ.

ಕೆಮ್ಮು ಕೇಳಿಸಿತು. ನಿಮ್ಮ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. "ಏನಮ್ಮಾ ಅದು?" ಎಂದು ಕೇಳಿದೆ. "ನೆಗಡಿ" ಎಂದಳು. ನನಗೆ ಅಧ್ಯಾಯ ಬೇಕಿತ್ತು, ಆದ್ದರಿಂದ ಅದು ನೆಗಡಿಯೆಂದೇ ನಂಬಿದೆ. ಇದನ್ನು ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ.

ನಾನು ಬರೆಯುವ ರೀತಿ ನಿಮಗೆ ತಿಳಿದಿರಲಾರದು. ನನ್ನ ಬಳಿ ಮೊದಲೇ ಹೆಣೆದಿಟ್ಟ ಕಥೆ ಇರುವುದಿಲ್ಲ. ಅವಳು ಬಂದು ಕುರ್ಚಿ ಎಳೆದುಕೊಂಡ ಕೂಡಲೇ "ವಕೀಲಮ್ಮಾ, ದಾರೀಲಿ ಏನು ನೋಡಿದೆ?" ಎಂದು ಕೇಳುತ್ತಿದ್ದೆ. ನಮ್ಮ ಮನೆಯಲ್ಲಿ ಅವಳ ಹೆಸರು ವಕೀಲಮ್ಮ. ಒಂದು ದಿನ, ಇಬ್ಬರು ಕೆಲಸಗಾರರು ನಿಲುವುಗನ್ನಡಿ ಹೊತ್ತು ರಸ್ತೆ ದಾಟುತ್ತಿದ್ದರು, ಅದರೊಳಗೆ ಇಡೀ ಬೀದಿ ಕುಲುಕಾಡುತ್ತಿತ್ತು ಎಂದಳು. ಇನ್ನೊಂದು ದಿನ, ದರ್ಜಿಯೊಬ್ಬ ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತುಹಾಕಿಕೊಂಡು ಅದನ್ನೇ ಅಂಗಡಿಯೆಲ್ಲ ಹುಡುಕುತ್ತಿದ್ದ ಎಂದಳು. ಅಷ್ಟು ಸಾಕು. ಅಲ್ಲಿಂದ ಹಿಡಿದು ಮಧ್ಯಾಹ್ನದವರೆಗೆ ಹೇಳುತ್ತಿದ್ದೆ. ಒಮ್ಮೆ ಬಾಯಿಂದ ಹೊರಬಿದ್ದದ್ದು ನನ್ನೊಳಗೆ ಉಳಿಯುವುದಿಲ್ಲ. ಆ ಮೂರು ಅಧ್ಯಾಯಗಳನ್ನು ಮತ್ತೆ ಹೇಳಲು ತಿಂಗಳಿಡೀ ಹೆಣಗಿದೆ. (ಹನ್ನೆರಡು ಸಲ ಹೊಡೆದು ಹಾಕಿಸಿದ. ನನ್ನ ಕೈ ಬಿದ್ದುಹೋಯಿತು.) ಸಾಲುಗಳು ಬಾಡಿಗೆ ಮನೆಯ ಸಾಮಾನಿನ ಹಾಗೆ ಬರುತ್ತವೆ, ಯಾವುದೂ ನನ್ನದಲ್ಲ.

ಅವಳು ಬರಿಯ ಲಿಪಿಕಾರ್ತಿಯಾಗಿರಲಿಲ್ಲ. ಬಂದ ಮೊದಲ ವಾರವೇ ಹಾಳೆಯ ನಡುವೆ ಗೆರೆ ಎಳೆದಳು. ಒಂದು ಬದಿಗೆ ನನ್ನ ಮಾತು, ಇನ್ನೊಂದು ಬದಿಗೆ ಅದಕ್ಕೆ ಅವಳ ಜವಾಬು. ಮಾರನೆಯ ಬೆಳಿಗ್ಗೆ ಎರಡನ್ನೂ ಗಟ್ಟಿಯಾಗಿ ಓದುತ್ತಿದ್ದಳು. ಜಗಳವಾಡಿ, ಗೆದ್ದದ್ದನ್ನು ಉಳಿಸಿಕೊಳ್ಳುತ್ತಿದ್ದೆವು. (ಕೆಳಗಿನ ಮನೆಯವರು ಎರಡು ಸಲ ಬಂದು ಬಾಗಿಲು ತಟ್ಟಿದ್ದರು, ಯಾರೋ ಹೊಡೆದಾಡ್ತಿದಾರೆ ಅಂತ.) ನನ್ನ ಕೊನೆಯ ನಾಲ್ಕು ಕಾದಂಬರಿಗಳು ಹಾಗೆ ಆದವು. ಪುಸ್ತಕದ ಮೇಲೆ ನಿನ್ನ ಹೆಸರನ್ನೂ ಹಾಕಿಸುತ್ತೇನೆ ಎಂದೆ. "ಬೇಡ ಮೇಷ್ಟ್ರೇ, ಹೆಸರು ಹಾಕಿದ್ರೆ ಅಪ್ಪ ಓದ್ತಾರೆ" ಎಂದಳು.

ಈಗಿನ ಕಾದಂಬರಿ, ಅಂಗಡಿಗಳ ತಕ್ಕಡಿ ಮತ್ತು ತೂಕದ ಬಟ್ಟುಗಳನ್ನು ಪರೀಕ್ಷಿಸುವ ಒಬ್ಬ ಇನ್‌ಸ್ಪೆಕ್ಟರು ಮತ್ತು ಅವರ ಮಗಳ ಕಥೆ. ಆ ಇನ್‌ಸ್ಪೆಕ್ಟರು ಎಂಥವರು ಎಂಬುದರ ಮೇಲೆ ನಮ್ಮಿಬ್ಬರಿಗೂ ಘೋರವಾದ ಜಗಳವಿತ್ತು. ಯಾರು ಯಾವ ಪಕ್ಷ ಹಿಡಿದಿದ್ದೆವು ಎಂದು ನಾನು ಹೇಳುವುದಿಲ್ಲ. ಹೇಳಿದರೆ ನಿಮ್ಮನ್ನು ಒಲಿಸಿಕೊಳ್ಳಲು ಹೇಳಿದಂತಾಗುತ್ತದೆ. ನೋಟ್‌ಬುಕ್ಕೇ ಹೇಳಲಿ. ಕೊಡುವುದು ಬಿಡುವುದು ಆಮೇಲಿನ ಮಾತು. ತೆರೆದಾದರೂ ನೋಡಿ.

ನಿಮ್ಮ ವಿಶ್ವಾಸಿ,
ಕಾದಂಬರಿಕಾರ

(ನಾನು ಅಕ್ಕ. ಅವಳು ಕೂರ್ತಿದ್ದ ಮೇಜಲ್ಲೇ ಕೂತು ಬರೀತಿದೀನಿ. ಈ ಕೋಣೇಲಿ ಹಗಲಲ್ಲೂ ದೀಪ ಬೇಕು. ದೀಪ ಬಲಗಡೆ ಇದೆ, ನನ್ನ ಕೈಯ ನೆರಳು ನನ್ನ ಅಕ್ಷರದ ಮೇಲೇ ಬೀಳುತ್ತೆ. ಅತ್ತ ಸರಿಸ್ತೀನಿ ಅಂದ್ರೆ, ಅವಳು ಇಟ್ಟಿದ್ದು, ಮುಟ್ಟಬೇಡ ಅಂತಾನೆ. ಅಕ್ಷರ ಸೊಟ್ಟಗಿದ್ರೆ ಬೇಜಾರು ಮಾಡ್ಕೋಬೇಡಿ.)

—

ಏಪ್ರಿಲ್ ೧೭

ಮಾನ್ಯರೇ,

ತೆರೆಯುವುದಿಲ್ಲವೆಂದು ಬರೆದಿದ್ದೆ. "ಹೆಸರು ಹಾಕಿದರೆ ಅಪ್ಪ ಓದುತ್ತಾರೆ" ಎಂಬ ವಾಕ್ಯವನ್ನು ಓದಿದ ಮೇಲೆ ಹದಿನೆಂಟು ದಿನ ತಡೆದುಕೊಂಡೆ. ಹತ್ತೊಂಬತ್ತನೆಯ ದಿನ ತೆರೆದೆ. ಮೂರು ಅಧ್ಯಾಯಗಳಲ್ಲಿ ಮೊದಲನೆಯದರ ಐದಾರು ಪುಟ ಓದಿದ್ದೇನೆ. ನಿಮ್ಮ ಕೃತಿಯನ್ನು ವಿಚಾರಿಸಿಕೊಳ್ಳಲು ಅಷ್ಟು ಸಾಕು.

ಗೆರೆ ಎಳೆಯುವ ಕ್ರಮ ಅವಳದಲ್ಲ, ನನ್ನದು. ಚರ್ಚಾಸ್ಪರ್ಧೆಯ ವೇದಿಕೆಯಲ್ಲಿ ನಾನು ಹಾಳೆಯನ್ನು ಎರಡು ಭಾಗ ಮಾಡುತ್ತಿದ್ದೆ: ಎಡಬದಿಗೆ ಎದುರಾಳಿಯ ಮಾತು, ಬಲಬದಿಗೆ ನನ್ನ ಖಂಡನೆ. ಅದನ್ನು ಹಾಗೆಯೇ ಅವಳಿಗೆ ಕಲಿಸಿದೆ. ಆದ್ದರಿಂದ ಎಡಗಡೆ ಇರುವುದು ನೀವು ಹೇಳಿದ್ದು, ಬಲಗಡೆ ಇರುವುದು ನನ್ನ ಮಗಳು ಹೇಳಿದ್ದು. ಇಲ್ಲಿ ಸಂಶಯಕ್ಕೆ ಎಡೆಯಿಲ್ಲ.

ನೀವು ಹೇಳಿದ್ದು ಹೀಗಿದೆ: "ಇನ್‌ಸ್ಪೆಕ್ಟರು ಮಗುವಿನ ಎಡಗೈಯನ್ನು ಮೇಜಿನ ಮೇಲೆ ಅಂಗಾತ ಇರಿಸಿ ಅದರ ಮೇಲೆ ಅರ್ಧ ಕಿಲೋದ ಹಿತ್ತಾಳೆಯ ಬಟ್ಟು ಇಟ್ಟರು. ಬಟ್ಟು ಬಿದ್ದರೆ ಹಾಳೆ ಮೊದಲಿಂದ ಬರೆಯಬೇಕು. ಮಗು ಬಲಗೈಯಲ್ಲಿ ಬರೆಯಿತು. ಅಂದಿನಿಂದ ಅದು ಬರೆದದ್ದೆಲ್ಲ ಅವರ ಅಕ್ಷರ."

ಇದು ನನ್ನ ಮನೆಯ ಸಂಗತಿ. ನನ್ನ ಮಗಳು ಹುಟ್ಟಿನಿಂದ ಎಡಚಿ. ನೋಂದಣಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ದಸ್ತಾವೇಜುಗಳನ್ನು ಪರಿಶೀಲಿಸಿದವನು ನಾನು. ಎಡಗೈಯವರ ಅಕ್ಷರ ಹೇಗೆ ಕಲೆಸಿಹೋಗುತ್ತದೆಂದು ಬಲ್ಲೆ. ಅವಳು ಆರು ವರ್ಷದವಳಿದ್ದಾಗ ಬೆಳಿಗ್ಗೆ ಅರ್ಧ ಗಂಟೆ ಅವಳ ಎಡಗೈಯ ಮೇಲೆ ನನ್ನ ಕಚೇರಿಯ ಹಿತ್ತಾಳೆಯ ಪೇಪರ್‌ವೇಟ್ ಇಟ್ಟು, ಬಲಗೈಯಲ್ಲಿ ಬರೆಸಿದೆ. ವರ್ಷ ತುಂಬುವುದರೊಳಗೆ ಅವಳದು ಮುತ್ತು ಪೋಣಿಸಿದಂಥ ಅಕ್ಷರವಾಯಿತು. ಇದನ್ನು ಅವಳು ನಿಮ್ಮನ್ನು ನಂಬಿ ಹೇಳಿರಬೇಕು. ನೀವು ಅದನ್ನು ಕ್ರೌರ್ಯದ ಕಥೆಯನ್ನಾಗಿ ಮಾಡಿ, ಮಗಳ ಕೈಯಿಂದಲೇ ತಂದೆಯ ಮೇಲೆ ದೋಷಾರೋಪ ಬರೆಸಿದಿರಿ. ಬರೆಯುವವರಿಗೆ ಇದಕ್ಕೆ ಸ್ಫೂರ್ತಿ ಎಂಬ ಹೆಸರಿರಬಹುದು. ನನ್ನ ಭಾಷೆಯಲ್ಲಿ ಇದರ ಹೆಸರು ಬೇರೆ.

ಆದರೆ ನನ್ನ ಮಗಳು ಸುಮ್ಮನೆ ಬರೆದುಕೊಳ್ಳಲಿಲ್ಲ. ಬಲಬದಿಯಲ್ಲಿ ಅವಳ ಉತ್ತರ ಇದೆ: "ಚಳಿಗಾಲದ ಬೆಳಿಗ್ಗೆ ಹಿತ್ತಾಳೆ ಕೊರೆಯುತ್ತದೆ. ಇನ್‌ಸ್ಪೆಕ್ಟರು ಬಟ್ಟನ್ನು ಮೊದಲು ತಮ್ಮ ಎರಡು ಅಂಗೈಗಳ ನಡುವೆ ಹಿಡಿದು, ಬೆಚ್ಚಗಾಗುವವರೆಗೆ ಕಾದು, ಆಮೇಲೆ ಮಗುವಿನ ಕೈಯ ಮೇಲೆ ಇಡುತ್ತಿದ್ದರು."

ಮಾನ್ಯರೇ, ಇದು ನಿಜ. ನಾನು ಹಾಗೆ ಮಾಡುತ್ತಿದ್ದೆ. ಆ ಹೊತ್ತಿನಲ್ಲಿ ನನ್ನ ಹೆಂಡತಿ ಅಡುಗೆಮನೆಯಲ್ಲಿರುತ್ತಿದ್ದಳು. ಮೇಜಿನ ಹತ್ತಿರ ನಾವಿಬ್ಬರೇ. ಇದನ್ನು ನಾನು ಯಾರಿಗೂ ಹೇಳಿದವನಲ್ಲ, ಅವಳು ಗಮನಿಸಿದ್ದಳೆಂದೂ ನನಗೆ ಗೊತ್ತಿರಲಿಲ್ಲ. ಇಪ್ಪತ್ತೈದು ವರ್ಷದ ಮೇಲೆ, ಪರರ ಮನೆಯಲ್ಲಿ ಕುಳಿತು, ತಂದೆಯ ಪರವಾಗಿ ಅವಳು ಅದನ್ನು ಬರೆದಿದ್ದಾಳೆ.

ಜ್ವರ ಬರುವ ಹಿಂದಿನ ವಾರ ನಾನು ಅವಳಿಗೆ ಒಂದು ಮಾತು ಅಂದಿದ್ದೆ: "ಆರು ವರ್ಷ ಇನ್ನೊಬ್ಬರ ಮಾತು ಬರೆದೆ. ನಿನ್ನದು ಅಂತ ಒಂದಾದರೂ ಮಾತಿದೆಯಾ?" ಅವಳು ಕೆಲಸಕ್ಕೆ ಹೊರಟುಹೋದಳು. ಉತ್ತರ ಈ ಬಲಬದಿಯಲ್ಲಿತ್ತು.

ನನ್ನ ಷರತ್ತು ಇಷ್ಟು. ಮೂರು ಅಧ್ಯಾಯಗಳ ಬಲಬದಿಯನ್ನು ಮಾತ್ರ ಅಕ್ಷರಕ್ಕಿಳಿಸಿ ಕಳಿಸುತ್ತೇನೆ. ಎಡಬದಿ ನನ್ನ ಮನೆಯ ಹೊಸ್ತಿಲು ದಾಟುವುದಿಲ್ಲ. ಒಪ್ಪಿದರೆ ಬರೆಯಿರಿ. ಇಲ್ಲವಾದರೆ ನೋಟ್‌ಬುಕ್ಕು ಕಪಾಟಿನಲ್ಲಿರುತ್ತದೆ, ನಿಮ್ಮ ಕಾದಂಬರಿ ಅರ್ಧಕ್ಕೆ ನಿಂತಿರುತ್ತದೆ.

ಇತಿ,
ಅವಳ ತಂದೆ

—

ಮೇ ೨

ಮಾನ್ಯರಿಗೆ ನಮಸ್ಕಾರಗಳು.

ನಿಮ್ಮ ಷರತ್ತನ್ನು ಒಪ್ಪಿದ್ದೇನೆ. ಬಲಬದಿಯದನ್ನು ಮಾತ್ರ ಕಳಿಸಿ. ಎಡಬದಿಯ ಮಾತುಗಳು ಪುಸ್ತಕದಲ್ಲಿ ಬರುವುದಿಲ್ಲ. ಅವನ್ನು ಓದಲೂ ಹೋಗಬೇಡಿ. ಕಣ್ಣಿಗೆ ದಣಿವು, ಮನಸ್ಸಿಗೂ ದಣಿವು.

ಬಟ್ಟನ್ನು ಬೆಚ್ಚಗೆ ಮಾಡಿದ ಸಂಗತಿ ನಿಜವೆಂದು ತಿಳಿದು ಸಂತೋಷವಾಯಿತು.

ನಿಮ್ಮ ವಿಶ್ವಾಸಿ,
ಕಾದಂಬರಿಕಾರ

(ಇಷ್ಟೇ ಹೇಳಿ ಎದ್ದು ಹೋದ. ಇವನು ಇಷ್ಟು ಚಿಕ್ಕ ಪತ್ರ ಹೇಳಿದ್ದು ನಾನು ಹುಟ್ಟಿದಾಗಿಂದ ಕಂಡಿಲ್ಲ. ನಿಮ್ಮ ಪತ್ರ ಮೂರು ಸಲ ಓದಿಸಿದ. "ಯಾವ ಬದಿ ಅಂದರು ಅಕ್ಕಾ? ಇನ್ನೊಂದ್ಸಲ ಓದು" ಅಂದ. ಕೊನೆಗೆ, ದೀಪಾನ ಎಡಗಡೆಗೆ ಇಟ್ಕೋ ಅಕ್ಕಾ ಅಂದ. ಸದ್ಯ! ಆ ಹುಡುಗಿ ಎಡಗೈಲಿ ಬರೀತಿದ್ದಳು, ಅವಳಿಗೆ ಬಲಗಡೆ ದೀಪ ಸರಿ. ಬಲಗೈಯವಳಿಗೆ ನನಗೆ ಯಾಕೆ ಆ ಶಿಕ್ಷೆ? ಈ ಪತ್ರದಲ್ಲಿ ಅಕ್ಷರ ನೆಟ್ಟಗಿದೆ ತಾನೆ?)

—

ಮೇ ೨೯

ಮಾನ್ಯರೇ,

ನಿಮ್ಮ ಅಕ್ಕನವರ ಅಕ್ಷರ ನೆಟ್ಟಗಿತ್ತು. ಅವರು ಬರೆದ ಕೊನೆಯ ನಾಲ್ಕು ಸಾಲುಗಳು ನಿಮಗೆ ತಿಳಿಯದೆಯೇ ನನ್ನನ್ನು ತಲುಪಿವೆ ಎಂದು ಭಾವಿಸುತ್ತೇನೆ. ಈ ಪತ್ರವನ್ನು ಅವರು ನಿಮಗೆ ಓದಿ ಹೇಳುವಾಗ ದಯವಿಟ್ಟು ಅವರನ್ನು ಗದರಬೇಡಿ.

ನಿಮ್ಮ ಒಪ್ಪಿಗೆಯ ಪತ್ರ ಬಂದ ದಿನವೇ ನನಗೆ ಅನುಮಾನ ಬಂದಿತ್ತು. ಇಷ್ಟು ಸಲೀಸಾಗಿ ಸೋಲೊಪ್ಪುವ ಎದುರಾಳಿಯನ್ನು ನಾನು ಯಾವ ವೇದಿಕೆಯಲ್ಲೂ ಕಂಡಿಲ್ಲ. ಒಂದು ಆರೋಪಕ್ಕೂ ಉತ್ತರವಿಲ್ಲ, ಒಂದು ತಿದ್ದುಪಡಿಯ ಕೋರಿಕೆಯಿಲ್ಲ. "ಓದಲೂ ಹೋಗಬೇಡಿ" ಎಂಬ ಅನವಶ್ಯಕ ಸಲಹೆ ಬೇರೆ. ಆಮೇಲೆ ನಿಮ್ಮ ಅಕ್ಕನವರ ದೀಪ.

ಎಡಗೈಯಲ್ಲಿ ಬರೆಯುತ್ತಿದ್ದಳು. ನನ್ನ ಮನೆಯಲ್ಲಿ ಇಪ್ಪತ್ತೈದು ವರ್ಷ ಅವಳು ಎಡಗೈಯಲ್ಲಿ ಒಂದಕ್ಷರ ಬರೆದದ್ದನ್ನು ನಾನು ನೋಡಿಲ್ಲ. ಸಾಮಾನಿನ ಪಟ್ಟಿಯನ್ನು ಬಲಗೈಯಲ್ಲಿ ಬರೆಯುತ್ತಿದ್ದಳು. ಹಾಲಿನವನಿಗೆ ಬಾಗಿಲಿಗೆ ಅಂಟಿಸುವ ಚೀಟಿಯನ್ನೂ ಬಲಗೈಯಲ್ಲಿ. ಆದರೆ ಅವಳ ಎಡಗೈಯ ಮಧ್ಯದ ಬೆರಳಿನಲ್ಲಿ ಸದಾ ಶಾಯಿಯ ಕಲೆ ಇರುತ್ತಿತ್ತು. ಒಮ್ಮೆ ಕೇಳಿದ್ದೆ. "ಪೆನ್ನು ಸೋರುತ್ತಪ್ಪಾ" ಎಂದಳು. ನಾನು ಹೊಸ ಪೆನ್ನು ತಂದುಕೊಟ್ಟೆ. ಕಲೆ ಹೋಗಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ನಿಮ್ಮ ಪತ್ರ ಬಂದ ಮಾರನೆಯ ಮಧ್ಯಾಹ್ನ ಊಟದ ಮೇಜಿನ ಮುಂದೆ ಕುಳಿತೆ. ಹಾಳೆಯ ನಡುವೆ ಗೆರೆ ಎಳೆದೆ. ಪೆನ್ನನ್ನು ಎಡಗೈಗೆ ತೆಗೆದುಕೊಂಡೆ. ಬಲಗೈ ಸುಮ್ಮನಿರಲೊಲ್ಲದೆ ಮತ್ತೆ ಮತ್ತೆ ಮುಂದೆ ಬಂತು. ಅದನ್ನು ಮೇಜಿನ ಮೇಲಿಟ್ಟು ಅದೇ ಪೇಪರ್‌ವೇಟ್ ಹೇರಿದೆ. ನನ್ನ ಕ್ರಮದಂತೆ ಮೊದಲು ಎಡಬದಿಯನ್ನು ತುಂಬಿಸಿದೆ, ಆಮೇಲೆ ಬಲಬದಿಗೆ ಹೋದೆ. ಎರಡು ಸಾಲು ಬರೆಯುವಷ್ಟರಲ್ಲಿ ನನ್ನ ಮಣಿಕಟ್ಟು ಎಡಬದಿಯ ಹಸಿ ಶಾಯಿಯನ್ನೆಲ್ಲ ಉಜ್ಜಿ ಕಲೆಸಿಬಿಟ್ಟಿತು. ಬೇರೆ ಹಾಳೆ ತೆಗೆದುಕೊಂಡೆ. ಈ ಸಲ ಮೊದಲು ಬಲಬದಿ, ಆಮೇಲೆ ಎಡಬದಿ. ಒಂದು ಚುಕ್ಕೆಯೂ ಕಲೆಸಲಿಲ್ಲ.

ಅವಳ ನೋಟ್‌ಬುಕ್ಕಿನಲ್ಲಿ ಎಲ್ಲೂ ಒಂದು ಕಲೆಯಿಲ್ಲ. ಅದು ನನ್ನ ಶಿಕ್ಷಣದ ಫಲವೆಂದು ಬೀಗಿದ್ದೆ.

ಎಡಗೈಯವಳು ನೀವು ಹೇಳಿದ್ದನ್ನು ಮೊದಲು ಬಲಬದಿಗೆ ಬರೆದುಕೊಳ್ಳುತ್ತಿದ್ದಳು. ತನ್ನ ಜವಾಬನ್ನು ಆಮೇಲೆ ಎಡಬದಿಗೆ ಬರೆಯುತ್ತಿದ್ದಳು. ನಾನು ಕಲಿಸಿದ ಕ್ರಮವನ್ನು ತನ್ನ ಕೈಗೆ ಒಗ್ಗುವಂತೆ ತಿರುಗಿಸಿಕೊಂಡಿದ್ದಳು.

ಇದಾದ ಮೇಲೆ ನಾನು ಓದದೆ ಬಿಟ್ಟಿದ್ದ ಪುಟಗಳನ್ನು ಓದಿದೆ. ಮೊದಲೇ ಓದಿದ್ದರೆ ಪೇಪರ್‌ವೇಟಿನ ಪ್ರಯೋಗವೂ ಬೇಕಾಗಿರಲಿಲ್ಲ. ನಾನು ಓದು ನಿಲ್ಲಿಸಿದ್ದಲ್ಲಿಂದ ಎಡಬದಿಯ ಮುಂದಿನ ಸಾಲು ಹೀಗಿದೆ: "ಹೌದು, ಬಟ್ಟು ಬೆಚ್ಚಗಿರುತ್ತಿತ್ತು. ಬೆಚ್ಚಗಿದ್ದದ್ದರಿಂದಲೇ ಮಗು ಅಳುವ ಹಾಗಿರಲಿಲ್ಲ." ಬೆಚ್ಚಗೆ ಮಾಡಿದ ಮಾತು ಮೊದಲು ಬಂದದ್ದು, ಇದು ಅದಕ್ಕೆ ಉತ್ತರ. ಖಂಡನೆ ಯಾವುದು, ಖಂಡನೆಗೊಳಗಾದ ಮಾತು ಯಾವುದು ಎಂದು ಗುರುತಿಸುವುದರಲ್ಲಿ ನಾನು ಒಂದು ಕಾಲದಲ್ಲಿ ಪದಕಗಳನ್ನು ಗೆದ್ದವನು. ನನ್ನ ಮಗಳ ನೋಟ್‌ಬುಕ್ಕಿನಲ್ಲಿ ನನಗೆ ಬೇಕಾದ ಬದಿಯಲ್ಲಿ ಅವಳನ್ನು ಕೂರಿಸಿ, ಬೇಡವಾದ ಬದಿಗೆ ನಿಮ್ಮನ್ನು ತಳ್ಳಿದೆ.

ನಿಮ್ಮ ಮೇಲೆ ನನ್ನ ಆರೋಪ ಈಗ ಬೇರೆ. ನನ್ನ ತಪ್ಪು ನಿಮಗೆ ಆ ಪತ್ರ ಕೇಳಿದ ಕ್ಷಣವೇ ತಿಳಿದಿತ್ತು. ತಿಳಿದೂ ಒಪ್ಪಿದಿರಿ. ನನ್ನ ಮೇಲೆ ಕರುಣೆ ತೋರಲು ನಿಮಗೆ ಯಾರೂ ಅಧಿಕಾರ ಕೊಟ್ಟಿರಲಿಲ್ಲ. ನಿಮ್ಮ ಕರುಣೆಗೆ ನನ್ನ ಮಗಳ ಮಾತು ಬಲಿಯಾಗಬೇಕಾಗಿತ್ತು ಎಂಬುದನ್ನು ಯೋಚಿಸಿದಿರಾ?

ಒಂದೇ ಪ್ರಶ್ನೆ. ಬಟ್ಟನ್ನು ಬೆಚ್ಚಗೆ ಮಾಡಿದ ಮಾತು ನೀವು ಹೇಳಿದ್ದೇ? ಹೌದಾದರೆ, ಅದು ನಿಮಗೆ ಹೇಗೆ ಗೊತ್ತು? ಅಲಂಕಾರವಿಲ್ಲದೆ ಉತ್ತರಿಸಬೇಕಾಗಿ ಕೋರುತ್ತೇನೆ.

ಇತಿ,
ಅವಳ ತಂದೆ

—

ಜೂನ್ ೧೧

ಮಾನ್ಯರಿಗೆ,

ಹೌದು. ನಾನು ಹೇಳಿದ್ದು.

ಅಕ್ಕನನ್ನು ಗದರಲಿಲ್ಲ. (ಗದರಿದ. ಆಮೇಲೆ ತಾನೇ ಕಾಫಿ ಮಾಡಿಕೊಂಡು ಬಂದ, ಅರ್ಧ ಮೆಟ್ಟಿಲ ಮೇಲೇ ಚೆಲ್ಲಿದ.)

ಡಿಸೆಂಬರಿನ ಒಂದು ಬೆಳಿಗ್ಗೆ ಎಂದಿನಂತೆ ದಾರಿಯಲ್ಲಿ ಏನು ನೋಡಿದೆ ಎಂದು ಕೇಳಿದೆ. ಬಹಳ ಚಳಿಯಿತ್ತು. ದಾರಿಯಲ್ಲಿ ಏನೂ ನೋಡಲಿಲ್ಲ ಎಂದಳು. ಆಮೇಲೆ ತಾನಾಗಿಯೇ ಆ ಪೇಪರ್‌ವೇಟಿನ ಮಾತು ಎತ್ತಿದಳು. ಅಂಗೈಗಳ ನಡುವೆ ಹಿಡಿದು ನೀವು ಕಾಯುತ್ತಿದ್ದದ್ದು, ಬೆಚ್ಚಗಾಯಿತೇ ಎಂದು ನಿಮ್ಮ ಕೆನ್ನೆಗೆ ತಾಗಿಸಿ ನೋಡುತ್ತಿದ್ದದ್ದು. ಕೆನ್ನೆಯ ಮಾತು ನಾನು ಸೇರಿಸಿದ್ದಲ್ಲ, ಅವಳು ಹೇಳಿದ್ದು. ಇನ್‌ಸ್ಪೆಕ್ಟರು ನನಗೆ ಆವರೆಗೆ ಬರಿ ಒಂದು ಅಂಗಿ ಟೋಪಿಯಾಗಿದ್ದರು. ಆ ಕ್ಷಣಕ್ಕೆ ಅವರಿಗೆ ಕೈಗಳು ಬಂದವು. ನನ್ನ ಕಸುಬಿನಲ್ಲಿ ಇಂಥ ಬೆಳಿಗ್ಗೆಗಳು ವರ್ಷಕ್ಕೊಂದು ಸಿಕ್ಕರೆ ಹೆಚ್ಚು.

"ಇದೇ ನಮ್ಮ ಅಧ್ಯಾಯ, ಬರಕೋ" ಎಂದೆ.

"ಇದನ್ನ ಕಥೇಲಿ ಹಾಕಬೇಡಿ ಮೇಷ್ಟ್ರೇ."

"ಯಾಕೆ?"

"ಹಾಕಿದ್ರೆ ಓದೋರು ಅವರನ್ನ ಕ್ಷಮಿಸಿಬಿಡ್ತಾರೆ."

"ಕ್ಷಮಿಸಿದ್ರೆ ನಿನ್ನ ಗಂಟೇನು ಹೋಯ್ತು?"

"ಇನ್ನೂ ನಾನೇ ಕ್ಷಮಿಸಿಲ್ಲ, ಅವರಿಗೇನು ಅವಸರ?"

ನಾನು ಅವಳ ಮಾತು ಕೇಳಲಿಲ್ಲ. ಬರೆಯುವವನ ದುರಾಸೆ ನಿಮಗೆ ತಿಳಿಯದು. ಒಳ್ಳೆಯ ಸಾಲು ಕಂಡರೆ ಅದು ಯಾರ ಎದೆಯಿಂದ ಕಿತ್ತದ್ದು ಎಂದು ನೋಡುವುದಿಲ್ಲ. ಜನವರಿಯಲ್ಲಿ ಆ ಅಧ್ಯಾಯ ಬಂದಾಗ ಹೇಳಿಯೇಬಿಟ್ಟೆ. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು, ಪ್ರಾಮಾಣಿಕಳು. ಪಕ್ಕದಲ್ಲಿ ತನ್ನ ಜವಾಬು ಬರೆದಳು. ಮಾರನೆಯ ದಿನ ಎರಡನ್ನೂ ಓದಿ ಜಗಳಕ್ಕೆ ಕೂತೆವು. ಯಾರೂ ಗೆಲ್ಲಲಿಲ್ಲ. ಆಗಲೇ ಅವಳಿಗೆ ಕೆಮ್ಮಿತ್ತು.

ನಿಮ್ಮ ತಪ್ಪು ತಿಳಿದೂ ಯಾಕೆ ಒಪ್ಪಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಏಪ್ರಿಲ್ ಹದಿನೇಳರ ಪತ್ರವನ್ನು ಅಕ್ಕ ಓದುವಾಗ, ಬೈಗುಳಗಳ ನಡುವೆ, ಒಬ್ಬ ತಂದೆ ಸುಖವಾಗಿದ್ದದ್ದು ನನಗೆ ಕೇಳಿಸಿತು. ಅದನ್ನು ಕೆಡಿಸಲು ಬಾಯಿ ಬರಲಿಲ್ಲ. ನೀವು ಹೇಳಿದಂತೆ, ಅದಕ್ಕೆ ನಾನು ತೆತ್ತದ್ದು ನನ್ನದಲ್ಲ, ಅವಳದು. ತಪ್ಪೊಪ್ಪಿಕೊಂಡಿದ್ದೇನೆ.

ಕೊನೆಯ ಅಧ್ಯಾಯದ ಬಗ್ಗೆ ಒಂದು ಮಾತು. ಅದನ್ನು ನಾನು ಅವಳು ಬಂದ ಕೊನೆಯ ದಿನ ಹೇಳಿದೆ. ಅದರಲ್ಲಿ ಇನ್‌ಸ್ಪೆಕ್ಟರ ಮಗಳು ಮನೆಗೆ ಮರಳಿ ಬರುತ್ತಾಳೆ. "ಇದಕ್ಕೆ ನಾಳೆ ಜವಾಬು ಕೊಡ್ತೀನಿ, ಇವತ್ತು ತಲೆ ಎತ್ತೋಕಾಗ್ತಿಲ್ಲ" ಎಂದು ಹೇಳಿ ಹೊರಟಳು. ಆದ್ದರಿಂದ ಅಲ್ಲಿ ಎಡಬದಿ ಖಾಲಿ ಇರಬೇಕು.

ಇನ್ನು ನಿಮ್ಮ ಇಚ್ಛೆ. ನೋಟ್‌ಬುಕ್ಕನ್ನು ಕಪಾಟಿನಲ್ಲೇ ಇಟ್ಟರೂ ನಾನು ಮತ್ತೆ ಕೇಳುವುದಿಲ್ಲ.

ನಿಮ್ಮ,
ಕಾದಂಬರಿಕಾರ

(ದೀಪಾನ ಮತ್ತೆ ಬಲಗಡೆ ಇಟ್ಟಿದೀನಿ. ನಾನೇ. ಅವನು ಹೇಳಲಿಲ್ಲ.)

—

ಜುಲೈ ೩

ಮಾನ್ಯರೇ,

ಇದರೊಂದಿಗೆ ನಲವತ್ತೊಂದು ಹಾಳೆಗಳಿವೆ. ಮೂರು ಅಧ್ಯಾಯಗಳನ್ನೂ, ಎರಡು ಬದಿಗಳನ್ನೂ, ಒಂದು ಸಂಜ್ಞೆಯನ್ನೂ ಬಿಡದೆ ಅಕ್ಷರಕ್ಕೆ ಇಳಿಸಿದ್ದೇನೆ. ಪ್ರತಿ ಹಾಳೆಯ ನಡುವೆ ಗೆರೆ ಎಳೆದು, ಅವಳದನ್ನು ಎಡಗಡೆಗೂ ನಿಮ್ಮದನ್ನು ಬಲಗಡೆಗೂ ಬರೆದಿದ್ದೇನೆ. ಹೆಚ್ಚುಕಡಿಮೆ ಮೂರು ವಾರ ಹಿಡಿಯಿತು. ಕಣ್ಣು ಸೋತದ್ದರಿಂದಲ್ಲ. ಕೆಲವು ಪುಟಗಳಾದ ಮೇಲೆ ಅದೇ ದಿನ ಇನ್ನೊಂದನ್ನು ಬರೆಯಲಾಗಲಿಲ್ಲ.

ಚರ್ಚೆಯಲ್ಲಿ ನಮಗೊಂದು ನಿಯಮವಿತ್ತು: ಉತ್ತರ ಕೊಡದೆ ಬಿಟ್ಟ ಮಾತನ್ನು ಒಪ್ಪಿಕೊಂಡಂತೆ ಲೆಕ್ಕ. ಕೊನೆಯ ಅಧ್ಯಾಯದಲ್ಲಿ ಮಗಳು ಮರಳಿ ಬಂದು ತಂದೆಯ ಎದುರು ಕೂರುತ್ತಾಳೆ. ಬಲಬದಿಯಲ್ಲಿ ಅದೆಲ್ಲ ಸೊಗಸಾಗಿದೆ. ಎಡಬದಿ ಬರಿದು. ಆ ನಿಯಮವನ್ನು ಹಿಡಿದು, ನನ್ನ ಮಗಳು ಇದನ್ನು ಒಪ್ಪಿದ್ದಳೆಂದು ವ್ಯಾಜ್ಯ ಹೂಡಲು ನನಗೆ ಎರಡು ದಿನ ಬಲವಾದ ಆಸೆಯಿತ್ತು. ನಿಮ್ಮ ಪತ್ರದಲ್ಲಿ ಅವಳು ಹೇಳಿದ "ಇನ್ನೂ" ಎಂಬ ಒಂದು ಪದವನ್ನು ಸಾಕ್ಷಿಯಾಗಿ ಪಕ್ಕದಲ್ಲಿಟ್ಟುಕೊಂಡು ಕುಳಿತಿದ್ದೆ. ಆದರೆ ಆ ನಿಯಮಕ್ಕೆ ಒಂದು ಉಪನಿಯಮವಿದೆ, ಅದೂ ನನಗೆ ಬಾಯಿಪಾಠ: ಮಾತಾಡಬೇಕಾದವರು ಎದ್ದು ನಿಲ್ಲುವ ಮೊದಲೇ ಗಂಟೆ ಬಾರಿಸಿದರೆ, ಅವರ ಮೌನವನ್ನು ಯಾರ ಪರವಾಗಿಯೂ ಎಣಿಸುವಂತಿಲ್ಲ. ಆ ಪುಟಗಳಲ್ಲಿ ಗೆರೆ ಎಳೆದು ಎಡಬದಿಯನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಬರೆಯಬೇಕಾದವಳು ಅವಳು. ನೀವೂ ಅದನ್ನು ತುಂಬಿಸಬೇಡಿ.

ಆದ್ದರಿಂದ ಕೊನೆಯ ಅಧ್ಯಾಯವನ್ನು ಪುಸ್ತಕದಲ್ಲಿ ಸೇರಿಸಬೇಡಿರೆಂದು ಕೋರುತ್ತೇನೆ. ಷರತ್ತಲ್ಲ, ಕೋರಿಕೆ. ಅವಳು ಬರೆದ ಕೊನೆಯ ಮಾತು ಎಲ್ಲಿದೆಯೋ ಅಲ್ಲಿಗೆ ಕಾದಂಬರಿ ನಿಲ್ಲಲಿ. ಅದು ಹಿಂದಿನ ಅಧ್ಯಾಯದ ತುದಿಯಲ್ಲಿದೆ, ಮೂವತ್ತಮೂರನೆಯ ಹಾಳೆಯ ಎಡಬದಿಯಲ್ಲಿ: "ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು, ಎಷ್ಟು ಹೊತ್ತಿಗೆ ಬರ್ತೀಯಾ ಎಂದು ಕೇಳಿದರು. ಮಗಳು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು." ಇದು ಕಥೆಯಲ್ಲ. ನಿನ್ನದು ಅಂತ ಒಂದಾದರೂ ಮಾತಿದೆಯಾ ಎಂದು ನಾನು ಗದರಿದ ದಿನ, ಗದರಿದ ಐದು ನಿಮಿಷಕ್ಕೆ, ನನ್ನ ಬಾಗಿಲಲ್ಲಿ ನಡೆದದ್ದು. ಅವಳು ಪಟ್ಟಿಯನ್ನು ಯಾವ ಕೈಯಿಂದ ಬಿಗಿಯುತ್ತಿದ್ದಳೆಂದು ನೆನಪು ಮಾಡಿಕೊಳ್ಳಲು ನೋಡಿದೆ. ನಾನು ಗಮನಿಸಿರಲಿಲ್ಲ.

ಪುಸ್ತಕದ ಮೇಲೆ ನಿಮ್ಮ ಹೆಸರಿನ ಜೊತೆಗೆ ಅವಳ ಹೆಸರು ಇರಲಿ. ಹೆಸರು ಹಾಕಿದರೆ ಅಪ್ಪ ಓದುತ್ತಾರೆಂದು ಬೇಡವೆಂದಿದ್ದಳು. ಅಪ್ಪ ಓದಿಯಾಯಿತು. ಆ ಆಕ್ಷೇಪಣೆ ಇನ್ನು ಉಳಿಯುವುದಿಲ್ಲ.

ಅವಳ ಕೆಮ್ಮಿನ ವಿಷಯದಲ್ಲಿ ನಿಮ್ಮನ್ನು ಕೇಳಿದ ಪ್ರಶ್ನೆಯನ್ನು ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅದೇ ಕೆಮ್ಮು ಅದೇ ನಾಲ್ಕು ದಿನ ನನ್ನ ಮನೆಯಲ್ಲೂ ಕೇಳಿಸುತ್ತಿತ್ತು. ನಾನು ಹೋಗಬೇಡವೆಂದು ಆಜ್ಞೆ ಮಾಡಿದೆ. ಆಜ್ಞೆ ಮಾಡಿದ ಮೇಲೆ ಅವಳ ಹಣೆ ಮುಟ್ಟಿ ನೋಡಬೇಕೆಂದು ನನಗೆ ತೋಚಲಿಲ್ಲ.

ಕೊನೆಯದಾಗಿ, ಹದಿನಾಲ್ಕನೆಯ ಹಾಳೆಯ ಬಲಬದಿಯಲ್ಲಿ ಒಂದು ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದೇನೆ. ಇನ್‌ಸ್ಪೆಕ್ಟರು ಬಟ್ಟನ್ನು ಅಂಗೈಗಳಲ್ಲಿ ಹಿಡಿದು ಬೆಚ್ಚಗೆ ಮಾಡುವ ಸಾಲು. ಕಾದಂಬರಿಯಲ್ಲಿ ಅದು ನಿಮ್ಮ ಅತ್ಯುತ್ತಮ ಸಾಲಿರಬಹುದು, ನನ್ನ ಪರವಾಗಿರುವ ಸಾಲಂತೂ ಅದೊಂದೇ. ಅದನ್ನು ತೆಗೆದುಹಾಕಿ. ಅದಕ್ಕೆ ಅವಳು ಕೊಟ್ಟ ಜವಾಬನ್ನೂ ತೆಗೆಯಬೇಕಾಗುತ್ತದೆ. ಹಾಕಬೇಡಿ ಎಂದು ಅವಳು ಮೊದಲೇ ಹೇಳಿದ್ದರಿಂದ, ಅವಳ ಒಪ್ಪಿಗೆ ಇದೆಯೆಂದೇ ತಿಳಿಯುತ್ತೇನೆ.

ನಾನು ಹಾಗೆ ಮಾಡುತ್ತಿದ್ದದ್ದು ನಿಜ. ಕೆನ್ನೆಗೆ ತಾಗಿಸಿ ನೋಡುತ್ತಿದ್ದದ್ದೂ ನಿಜ. ಅದು ಅವಳಿಗೆ ಗೊತ್ತಿತ್ತು. ಓದುವವರಿಗೆ ಗೊತ್ತಾಗಬೇಕಾದ ಅಗತ್ಯವಿಲ್ಲ.

ಇತಿ,
ವಕೀಲಮ್ಮನ ತಂದೆ